ಅವಳು ಬರೆದ ಕಾಗದ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಅಂತರ್ಯುದ್ಧದ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಚೆನ್ನಾಗಿತ್ತು. 1861ರ ಏಪ್ರಿಲ್ 12ರಂದು ಫೋರ್ಟ್ ಸಮ್ಟರ್ ಎಂಬ ಕೋಟೆಯ ಮೇಲೆ ಬಿದ್ದ ಮೊದಲ ಗುಂಡಿನಿಂದ ಹಿಡಿದು 1865ರ ಏಪ್ರಿಲ್ 9ರಂದು ದಕ್ಷಿಣ ರಾಜ್ಯಗಳ ಜನರಲ್ ಲೀ ಶರಣಾಗುವ ತನಕ ಯಾರು ಯಾವ ದಿಕ್ಕಿನಿಂದ ಬಂದರು, ಯಾವ ಗುಡ್ಡ ಯಾರ ಕೈಗೆ ಹೋಯಿತು ಅನ್ನುವುದೆಲ್ಲ ನಕ್ಷೆ ಸಮೇತ ಇತ್ತು. ಆದರೆ ಒಂದು ಸಾಲು ಎರಡು ದಿನದಿಂದ ನನ್ನನ್ನು ಚುಚ್ಚುತ್ತಿದೆ. ಹೆಂಡತಿ ಮಕ್ಕಳ ನೆನಪಾಗಿ ಓಡಿಹೋದ ಹೇಡಿಗಳೂ ಕಡಿಮೆ ಇರಲಿಲ್ಲ ಎಂಬ ಸಾಲು. ಎರಡು ಪುಟದ ಲೇಖನದಲ್ಲಿ ಹೆಂಡತಿ ಅನ್ನುವ ಪದ ಬಂದದ್ದು ಅದೊಂದೇ ಕಡೆ. ಅದೂ ಬೈಗುಳದ ಜೊತೆ.

ಅದಕ್ಕೇ ಈ ಕಾಗದ. ಉದ್ದವಾಗಿದೆ, ಗೊತ್ತು. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಆದರೆ ಮುಂದೆ ಆನ್ ಎಂಬ ಹೆಂಗಸಿನ ವಿಷಯ ಬರುತ್ತದೆ, ಅದನ್ನು ಮಾತ್ರ ದಯವಿಟ್ಟು ಉಳಿಸಿ.

ನಾನು ಹೈಸ್ಕೂಲಿನಲ್ಲಿ ಬಹಳ ವರ್ಷ ಸಮಾಜ ಪಾಠ ಮಾಡಿದವಳು. ಈ ಯುದ್ಧವನ್ನು ನಾನೂ ಒಂದು ಪೀರಿಯಡ್ಡಿನಲ್ಲಿ ಮುಗಿಸುತ್ತಿದ್ದೆ. ಲಿಂಕನ್, ಗುಲಾಮಗಿರಿ, ಒಕ್ಕೂಟದ ಪರ ನಿಂತ ಉತ್ತರ, ಬೇರೆಯಾಗಲು ಹೊರಟ ದಕ್ಷಿಣ, ಸತ್ತವರು ಸುಮಾರು 6 ಲಕ್ಷ 20 ಸಾವಿರ. ಮುಂದಿನ ಪಾಠ. ನಿವೃತ್ತಿಯಾದ ಮೇಲೆ ಆ ಕಾಲದ ಸೈನಿಕರು ಮನೆಗೆ ಬರೆದ ಕಾಗದಗಳನ್ನು ಓದಲು ಕೂತೆ. ಅಲ್ಲಿನ ಪತ್ರಾಗಾರಗಳು ಸಾವಿರಗಟ್ಟಲೆ ಕಾಗದಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿವೆ. ಒಂದು ಓದಿದರೆ ಇನ್ನೊಂದು, ಇನ್ನೊಂದು ಓದಿದರೆ ಮತ್ತೊಂದು, ಹೀಗೆ ನಾಲ್ಕು ವರ್ಷವಾಯಿತು. ಆಮೇಲೆ ಆ 6 ಲಕ್ಷ ಅನ್ನುವುದನ್ನು ಬಾಯಿಪಾಠದ ಹಾಗೆ ಹೇಳುವುದು ನನ್ನಿಂದ ಸಾಧ್ಯವಾಗಿಲ್ಲ.

ಮೊದಲು ಆ 'ಹೇಡಿ' ಅನ್ನುವ ಮಾತು. ಮನೆಯ ಹಂಬಲವನ್ನು ಆ ಸೈನ್ಯದ ವೈದ್ಯರೇ ಒಂದು ಕಾಯಿಲೆ ಎಂದು ಬರೆದುಕೊಳ್ಳುತ್ತಿದ್ದರು. ಹೆಸರು ನಾಸ್ಟಾಲ್ಜಿಯಾ. ಈಗ ನಾವು ಹಳೇ ಹಾಡು ಕೇಳಿದಾಗ ಆಗುವ ಸಿಹಿ ನೋವಿಗೆ ಈ ಪದ ಬಳಸುತ್ತೇವೆ, ಆದರೆ 1688ರಲ್ಲಿ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಇದನ್ನು ಕಟ್ಟಿದ್ದೇ ಕಾಯಿಲೆಯ ಹೆಸರಾಗಿ. ಮನೆಗೆ ಮರಳುವುದು, ನೋವು, ಈ ಎರಡು ಅರ್ಥದ ಗ್ರೀಕ್ ಪದಗಳನ್ನು ಸೇರಿಸಿದ. ಉತ್ತರದ ಸೈನ್ಯದ ವೈದ್ಯಕೀಯ ದಾಖಲೆಯಲ್ಲಿ ಬಿಳಿಯ ಸೈನಿಕರಲ್ಲಿ 5,213 ಜನಕ್ಕೆ ಈ ಕಾಯಿಲೆ, 58 ಸಾವು ಎಂದಿದೆ. ಕಪ್ಪು ಸೈನಿಕರಲ್ಲಿ 334 ಜನಕ್ಕೆ ಕಾಯಿಲೆ, 16 ಸಾವು. ಸಾವಿನ ಕಾರಣದ ಕಡೆ ಗುಂಡು ಅಂತಿಲ್ಲ, ಟೈಫಾಯ್ಡ್ ಅಂತಿಲ್ಲ. ಮನೆ ನೆನಪು ಅಂತ ಇದೆ. ಊಟ ಬಿಡುತ್ತಿದ್ದರು, ನಿದ್ದೆ ಬರುತ್ತಿರಲಿಲ್ಲ, ಸುಮ್ನೆ ಕೂತು ಅಳುತ್ತಿದ್ದರು, ಸೊರಗಿ ಸೊರಗಿ ಇನ್ನೊಂದು ಕಾಯಿಲೆ ಹಿಡಿದರೆ ತಡೆದುಕೊಳ್ಳಲು ದೇಹದಲ್ಲಿ ಏನೂ ಉಳಿದಿರುತ್ತಿರಲಿಲ್ಲ.

ಇದಕ್ಕೆ ಮದ್ದು ಏನು ಅಂತ ವೈದ್ಯರಲ್ಲೇ ಜಗಳ. ಕ್ಯಾಲ್ಹೂನ್ ಎಂಬ ಸೇನಾ ವೈದ್ಯ 1864ರಲ್ಲಿ, ಇಂಥವರನ್ನು ಜೊತೆಗಾರರು ಹಾಸ್ಯ ಮಾಡಬೇಕು, ಯುದ್ಧಕ್ಕೆ ಇಳಿಸಬೇಕು, ಆಗ ಸರಿಹೋಗುತ್ತಾರೆ ಎಂದು ವಾದಿಸಿದ. ನಿಮ್ಮ ಲೇಖಕರು ಬರೆದ ಆ ಸಾಲು ಕ್ಯಾಲ್ಹೂನನ ಬಾಯಿಂದ ಬಂದ ಹಾಗೇ ಇದೆ. ಆದರೆ ಬೇರೆ ವೈದ್ಯರು ಕಂಡುಕೊಂಡ ಮದ್ದು ತುಂಬಾ ಸರಳ. ಸ್ವಲ್ಪ ದಿನ ರಜೆ ಕೊಟ್ಟು ಮನೆಗೆ ಕಳಿಸಿ. ರಜೆ ಮಂಜೂರಾಯಿತು ಎಂಬ ಸುದ್ದಿ ಕೇಳಿದರೇ ಎದ್ದು ಕೂರುವ ರೋಗಿಗಳಿದ್ದರು.

ಇನ್ನೊಂದು ಲೆಕ್ಕ ನೋಡಿ. 1861ರಲ್ಲಿ 3 ವರ್ಷಕ್ಕೆ ಅಂತ ಸೇರಿದವರ ಅವಧಿ 1864ರಲ್ಲಿ ಮುಗಿಯುವುದರಲ್ಲಿತ್ತು. ಅವರು ಹೊರಟುಹೋದರೆ ಉತ್ತರದ ಸೈನ್ಯವೇ ಖಾಲಿ. ಆಗ ಸರ್ಕಾರ ಅವರ ಮುಂದಿಟ್ಟ ಆಸೆ ಏನು? ಮತ್ತೆ ಸೇರಿದರೆ 400 ಡಾಲರ್, ಜೊತೆಗೆ 30 ದಿನದ ರಜೆ. ಸುಮಾರು 1 ಲಕ್ಷ 36 ಸಾವಿರ ಜನ ಮತ್ತೆ ರುಜು ಹಾಕಿದರು. ಹಣ ಒಂದು ಕಾರಣ, ಒಪ್ಪುತ್ತೇನೆ. ಆದರೆ ಆ ಚಳಿಗಾಲದ ಕಾಗದಗಳನ್ನು ಓದಿದರೆ ಎಲ್ಲರ ಬಾಯಲ್ಲೂ ರಜೆಯದೇ ಮಾತು. ಹೆಂಡತಿಯ ಮುಖ ತಿಂಗಳ ಮಟ್ಟಿಗೆ ನೋಡಿ ಬರುವುದಕ್ಕಾಗಿ ಇನ್ನೂ 3 ವರ್ಷ ಸಾವಿನ ಬಾಯಲ್ಲಿ ನಿಲ್ಲಲು ಒಪ್ಪಿಕೊಂಡವರನ್ನು ಹೇಡಿಗಳು ಅನ್ನುವುದು ಹೇಗೆ, ಹೇಳಿ.

ಉತ್ತರದ ಸೈನಿಕರಲ್ಲಿ 10ರಲ್ಲಿ ಸುಮಾರು 3 ಜನ ಮದುವೆಯಾದವರು. ಇವರ ಕಾಗದಗಳಲ್ಲಿ ಯುದ್ಧದ ವಿಷಯ ಕಡಿಮೆ. ಹಸು ಮಾರಬೇಡ, ಬೀಜಕ್ಕೆ ಇಷ್ಟು ಇಟ್ಟುಕೋ, ಇಂಥವನು ನಮಗೆ ಬಾಕಿ ಕೊಡಬೇಕು ಹೋಗಿ ಕೇಳು, ಮಗುವಿಗೆ ಹಲ್ಲು ಬಂತಾ, ದೊಡ್ಡವನು ಸ್ಕೂಲಿಗೆ ಹೋಗುತ್ತಿದ್ದಾನಾ. ಇಷ್ಟೆಲ್ಲ ಆದ ಮೇಲೆ ಕೊನೆಗೆ, ಪುಟ ಮುಗಿಯುವ ಹೊತ್ತಿಗೆ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ನೀನು ನನಗೆ ಯಾಕೆ ಬರೆಯಲಿಲ್ಲ? ಈ ಪ್ರಶ್ನೆ ಇಲ್ಲದ ಕಾಗದ ನಾನು ನೋಡಿದ್ದು ಬಹಳ ಕಮ್ಮಿ.

ಬರೆಯುವುದು ಸುಲಭವಿತ್ತಾ? ಉತ್ತರದಲ್ಲಿ ಒಂದು ಕಾಗದದ ಅಂಚೆಗೆ 3 ಸೆಂಟ್. ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರ್, ಅದೂ ಎಷ್ಟೋ ತಿಂಗಳು ಕೈಗೆ ಬರುತ್ತಲೇ ಇರಲಿಲ್ಲ. ಸಂಬಳವಿಲ್ಲದವನ ಹತ್ತಿರ ಅಂಚೆಚೀಟಿ ಎಲ್ಲಿಂದ ಬರಬೇಕು? ಅದಕ್ಕೆ 1861ರ ಜುಲೈಯಲ್ಲಿ ಒಂದು ಕಾನೂನು ಮಾಡಿದರು. ಲಕೋಟೆಯ ಮೇಲೆ 'ಸೈನಿಕನ ಕಾಗದ' ಎಂದು ಬರೆದು ಅಧಿಕಾರಿಯ ರುಜು ಹಾಕಿಸಿದರೆ ಚೀಟಿ ಇಲ್ಲದೆ ಹೋಗುತ್ತದೆ, ಹಣವನ್ನು ತಲುಪಿದವರು ಕೊಡಬೇಕು. ಅಂದರೆ ಹೆಂಡತಿ ಕೊಡಬೇಕು. ಬೇರೆ ದುಡ್ಡು ಕೇಳದೆ ಮನೆ ಬಾಗಿಲಿಗೆ ಅಂಚೆಯವನು ಬರುವ ಪದ್ಧತಿ 1863ರ ಜುಲೈ ತನಕ ದೊಡ್ಡ ಪಟ್ಟಣಗಳಲ್ಲೂ ಇರಲಿಲ್ಲ, ಹಳ್ಳಿಗಳಿಗೆ ಅದು ಬಂದದ್ದು ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ. ಕಂಕುಳಲ್ಲಿ ಕೂಸು ಎತ್ತಿಕೊಂಡು ಅಂಚೆ ಕಚೇರಿಗೆ ನಡೆದು ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಇದೆಯಾ ಇಲ್ಲವಾ ಅಂತ ಕೇಳಬೇಕು, ಇದ್ದರೆ ಗಂಟಿನಿಂದ 3 ಸೆಂಟ್ ಬಿಚ್ಚಿ ಕೊಡಬೇಕು. ಮನಿ ಆರ್ಡರ್ ಅನ್ನುವುದು ಅಲ್ಲಿ ಶುರುವಾದದ್ದೇ 1864ರ ನವೆಂಬರ್‌ನಲ್ಲಿ, ಸೈನಿಕರು ಮನೆಗೆ ಕಳಿಸುವ ಹಣ ದಾರಿಯಲ್ಲಿ ಕಳುವಾಗುತ್ತಿದ್ದದ್ದು ಅದಕ್ಕೆ ದೊಡ್ಡ ಕಾರಣ.

ದಕ್ಷಿಣದಲ್ಲಿ ಇನ್ನೂ ಕಷ್ಟ. ಸಂಬಳ 11 ಡಾಲರ್, ಆ ನೋಟಿಗೆ ದಿನೇ ದಿನೇ ಬೆಲೆ ಇಲ್ಲ. 1862ರ ಜುಲೈಯಿಂದ ಕಾಗದದ ಅಂಚೆಗೆ 10 ಸೆಂಟ್. ಬರೆಯುವ ಹಾಳೆಯೇ ಸಿಗದೆ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಹಿಂಬದಿಯಲ್ಲಿ ಬರೆದರು. ಬಂದ ಲಕೋಟೆಯನ್ನು ಬಿಚ್ಚಿ ಒಳಮಗ್ಗುಲು ತಿರುಗಿಸಿ ಮತ್ತೆ ಅಂಟಿಸಿ ಕಳಿಸಿದರು. ಒಂದು ಪುಟ ತುಂಬಿದ ಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ ಅದೇ ಸಾಲುಗಳ ಮೇಲೆ ಇನ್ನೊಂದು ಕಾಗದ ಬರೆದರು. ಓದಲು ಕಣ್ಣು ನೋಯುತ್ತದೆ. ಅವಳು ಓದಿರುತ್ತಾಳೆ, ಒಂದಕ್ಷರ ಬಿಡದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟು ಓದಿದ ಮೇಲೆ ಒಂದು ದಿನ ನನಗೆ ಹೊಳೆಯಿತು. ನಾನು ಓದಿದ್ದೆಲ್ಲ ಅವನು ಬರೆದದ್ದು. ಅವಳು ಬರೆದದ್ದು ಎಲ್ಲಿ?

ಕಾರಣ ಹುಡುಕಿದರೆ ತುಂಬಾ ಸಾದಾ. ಅವನ ಕಾಗದ ಮನೆಗೆ ಬಂತು. ಅವಳು ಪೆಟ್ಟಿಗೆಯಲ್ಲಿ ಇಟ್ಟಳು. ಮಕ್ಕಳಿಗೆ ಕೊಟ್ಟಳು, ಮೊಮ್ಮಕ್ಕಳು ಗ್ರಂಥಾಲಯಕ್ಕೆ ಕೊಟ್ಟರು. ಅವಳ ಕಾಗದ ಹೋದದ್ದು ಡೇರೆಗೆ, ಕೆಸರಿಗೆ, ಮಳೆಗೆ. ಬೆನ್ನಿನ ಚೀಲದಲ್ಲಿ ಎಷ್ಟು ಅಂತ ಹೊರುತ್ತಾನೆ? ನಡೆದು ನಡೆದು ಸಾಕಾದಾಗ ಕಂಬಳಿಯನ್ನೇ ಬಿಸಾಡುತ್ತಿದ್ದವರು ಅವರು. ಯುದ್ಧಕ್ಕೆ ಇಳಿಯುವ ಮುಂಚೆ ಹೆಂಡತಿಯ ಕಾಗದಗಳನ್ನು ಎಷ್ಟೋ ಜನ ತಾವೇ ಸುಟ್ಟುಬಿಡುತ್ತಿದ್ದರು. ನಾನು ಸತ್ತರೆ ನನ್ನ ಜೇಬಿಗೆ ಕೈ ಹಾಕುವವನು ಶತ್ರು, ಅವನು ನನ್ನ ಹೆಂಡತಿಯ ಮಾತನ್ನು ಬೆಂಕಿಯ ಸುತ್ತ ಕೂತು ಓದಿ ನಗಬಾರದು ಅಂತ. ಆ ಸುಡುವ ಕೈಯನ್ನು ನೆನೆಸಿಕೊಂಡರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಹೀಗಾಗಿ ಎರಡು ಕಡೆಯ ಮಾತುಕತೆಯಲ್ಲಿ ಒಂದು ಕಡೆ ಮಾತ್ರ ಉಳಿಯಿತು. ಎಲ್ಲರೂ ಎತ್ತಿ ಹೇಳುವ ಕಾಗದ ಸುಲಿವನ್ ಬಲೂ ಎಂಬ ಮೇಜರನದು, 1861ರ ಜುಲೈ 14ರಂದು ಹೆಂಡತಿ ಸಾರಾಗೆ ಬರೆದದ್ದು. ಬರೆದು ಒಂದು ವಾರಕ್ಕೆ ಬುಲ್ ರನ್ ಕಾಳಗದಲ್ಲಿ ಗಾಯಗೊಂಡ, ಕೆಲವು ದಿನಗಳಲ್ಲೇ ತೀರಿಕೊಂಡ. ಸಾರಾ ಮತ್ತೆ ಮದುವೆಯಾಗದೆ 1917ರ ತನಕ ಬದುಕಿದಳು. ಆ ಕಾಗದ ನಿಜಕ್ಕೂ ದೊಡ್ಡದು, ಓದಿದರೆ ಅಳು ಬರುತ್ತದೆ. ಆದರೆ ನನಗೆ ಅದಕ್ಕಿಂತ ಹತ್ತಿರವಾದವನು ಅಮೋಸ್ ಹಮಿಸ್ಟನ್. ನೀವು ಪತ್ರಿಕೆಯವರು, ಅವನ ಕಥೆಯಲ್ಲಿ ಪತ್ರಿಕೆಗೂ ಪಾಲಿದೆ.

ಹಮಿಸ್ಟನ್ ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಸಣ್ಣ ಊರಿನವನು. ಕುದುರೆಗೆ ಹಾಕುವ ಚರ್ಮದ ಸಾಮಾನು ಹೊಲಿಯುವ ಕೆಲಸ. ಅದಕ್ಕೂ ಮುಂಚೆ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದಿದ್ದ. ಹೆಂಡತಿ ಫಿಲಿಂಡಾ, ಮೂರು ಮಕ್ಕಳು, ಫ್ರಾಂಕ್, ಆಲಿಸ್, ಫ್ರೆಡ್. 1862ರಲ್ಲಿ ನ್ಯೂಯಾರ್ಕಿನ 154ನೇ ಪಲ್ಟನ್ ಸೇರಿದ. ಮರುವರ್ಷ ಫಿಲಿಂಡಾ ಮೂರೂ ಮಕ್ಕಳನ್ನು ಕೂರಿಸಿ, ಗಾಜಿನ ಮೇಲೆ ತೆಗೆಯುವ ಆ ಕಾಲದ ಫೋಟೋ ತೆಗೆಸಿ ಕಳಿಸಿದಳು. 1863ರ ಮೇ ತಿಂಗಳಲ್ಲಿ ಅವನು ಉತ್ತರ ಬರೆಯುತ್ತಾನೆ. ನೀನು ಬೇರೆ ಏನು ಕಳಿಸಿದ್ದರೂ ಇಷ್ಟು ಸಂತೋಷ ಆಗುತ್ತಿರಲಿಲ್ಲ, ಮಕ್ಕಳನ್ನೂ ಅವರ ತಾಯಿಯನ್ನೂ ನೋಡಬೇಕು ಅನ್ನುವ ಆಸೆ ಹೇಳಲಾರದಷ್ಟಿದೆ ಅಂತ. 'ಅವರ ತಾಯಿ' ಎಂದು ಬರೆದಿದ್ದಾನೆ ನೋಡಿ. ನಮ್ಮ ಹಿರಿಯರೂ ಹಾಗೇ ಅಲ್ವಾ ಹೇಳುತ್ತಿದ್ದದ್ದು.

ಜುಲೈ 1ರಂದು ಗೆಟಿಸ್‌ಬರ್ಗ್. ಆ ಊರಿನ ಕಾಳಗದ ಮೊದಲ ದಿನವೇ ಅವನ ಪಲ್ಟನ್ ಊರಂಚಿನ ಇಟ್ಟಿಗೆ ಗೂಡಿನ ಹತ್ತಿರ ಸಿಕ್ಕಿಬಿತ್ತು. ಮೂರು ದಿನದ ಆ ಕಾಳಗದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸುಮಾರು 51 ಸಾವಿರ. ಕಾಳಗ ಮುಗಿದ ಮೇಲೆ ಒಂದು ಮೂಲೆಯಲ್ಲಿ ಸಿಕ್ಕ ಒಬ್ಬನ ಹೆಣದ ಕೈಯಲ್ಲಿ ಮೂರು ಮಕ್ಕಳ ಫೋಟೋ. ಹೆಸರಿಲ್ಲ, ಕಾಗದವಿಲ್ಲ. ಸೈನಿಕರ ಕೊರಳಿಗೆ ಹೆಸರಿನ ಬಿಲ್ಲೆ ಕಟ್ಟುವ ಪದ್ಧತಿ ಆ ಸೈನ್ಯದಲ್ಲಿ ಇರಲಿಲ್ಲ, ಕೆಲವರು ತಾವೇ ಚೀಟಿಯಲ್ಲಿ ಹೆಸರು ಬರೆದು ಕೋಟಿಗೆ ಪಿನ್ ಹಾಕಿಕೊಳ್ಳುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಅವನು ಆ ಫೋಟೋ ನೋಡುತ್ತಾ ಪ್ರಾಣ ಬಿಟ್ಟಿದ್ದ. ಅದು ಕೈಯಿಂದ ಕೈಗೆ ದಾಟಿ ಫಿಲಡೆಲ್ಫಿಯಾದ ಬೋರ್ನ್ಸ್ ಎಂಬ ಡಾಕ್ಟರ ಹತ್ತಿರ ಬಂತು. ಅವರು ಪತ್ರಿಕೆಗೆ ಹೋದರು.

ಆಗ ಪತ್ರಿಕೆಯಲ್ಲಿ ಫೋಟೋ ಅಚ್ಚು ಹಾಕಲು ಆಗುತ್ತಿರಲಿಲ್ಲ. ಮಾತಿನಲ್ಲೇ ಬರೆಯಬೇಕು. 1863ರ ಅಕ್ಟೋಬರ್ 19ರ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯಲ್ಲಿ ಬಂತು. ಇವನು ಯಾರ ತಂದೆ ಅನ್ನುವುದೇ ತಲೆಬರಹ. ಎರಡು ಗಂಡು, ಒಂದು ಹೆಣ್ಣು. ಸುಮಾರು ಇಷ್ಟಿಷ್ಟು ವಯಸ್ಸು. ಚಿಕ್ಕವನು ಎತ್ತರದ ಕುರ್ಚಿಯಲ್ಲಿ ಇಬ್ಬರ ನಡುವೆ. ದೊಡ್ಡ ಹುಡುಗನ ಅಂಗಿ, ಹುಡುಗಿಯ ಲಂಗ ಎರಡೂ ಒಂದೇ ಬಟ್ಟೆಯವು. ಬೇರೆ ಪತ್ರಿಕೆಗಳವರೂ ದಯವಿಟ್ಟು ಇದನ್ನು ಹಾಕಿ ಎಂಬ ಬೇಡಿಕೆ. ಹಾಕಿದರು. ಅದರಲ್ಲಿ ಒಂದು ಧಾರ್ಮಿಕ ಪತ್ರಿಕೆಯ ಒಂದು ಪ್ರತಿ ಪೋರ್ಟ್‌ವಿಲ್‌ಗೆ ಬಂತು, ಫಿಲಿಂಡಾಗೆ ಸಿಕ್ಕಿತು. ಗೆಟಿಸ್‌ಬರ್ಗ್ ಆದ ಮೇಲೆ ಗಂಡನಿಂದ ಒಂದು ಅಕ್ಷರ ಬಂದಿರಲಿಲ್ಲ ಅವಳಿಗೆ.

ಒಂದೇ ಥಾನಿನಿಂದ ಕತ್ತರಿಸಿ ಮಗನಿಗೆ ಅಂಗಿ, ಮಗಳಿಗೆ ಲಂಗ ಹೊಲಿಸುವ ತಾಯಿ ಆ ಸಾಲನ್ನು ಹೇಗೆ ಓದಿರಬೇಕು. ಅವಳು ಬರೆಸಿ ಕೇಳಿದಳು, ಡಾಕ್ಟರು ಫೋಟೋದ ಪ್ರತಿ ಕಳಿಸಿದರು. ಅವಳ ಮಕ್ಕಳೇ. ಗಂಡ ಸತ್ತದ್ದು ಗೊತ್ತಾದದ್ದು ಹೀಗೆ, ನಾಲ್ಕು ತಿಂಗಳಾದ ಮೇಲೆ, ತಾನೇ ಕಳಿಸಿದ ಫೋಟೋ ತನಗೇ ವಾಪಸ್ ಬಂದಾಗ. ಸಾವಿನ ಸುದ್ದಿಯನ್ನು ಮನೆಗೆ ತಿಳಿಸುವ ಸರಿಯಾದ ಏರ್ಪಾಡು ಸರ್ಕಾರದ್ದು ಇರಲೇ ಇಲ್ಲ. ಜೊತೆಯವನು ಯಾರಾದರೂ ಬರೆದರೆ ಉಂಟು, ಇಲ್ಲದಿದ್ದರೆ ಪತ್ರಿಕೆಯಲ್ಲಿ ಬರುವ ಪಟ್ಟಿಯಲ್ಲಿ ಹೆಸರು ಹುಡುಕಬೇಕು. ನಿಮ್ಮ ವೃತ್ತಿಯವರು ಆಗ ಅಚ್ಚು ಹಾಕುತ್ತಿದ್ದ ಆ ಸಣ್ಣಕ್ಷರದ ಪಟ್ಟಿಗಳನ್ನು ಎಷ್ಟು ಮನೆಗಳಲ್ಲಿ ಬೆರಳಿಟ್ಟು ಓದಿದ್ದಾರೋ.

ಅಮೋಸನ ಕಾಗದಗಳು ಉಳಿದಿವೆ. ಫಿಲಿಂಡಾ ಬರೆದವು ಉಳಿದಿಲ್ಲ. ಅವಳು ಕಳಿಸಿದ್ದರಲ್ಲಿ ಉಳಿದದ್ದು ಆ ಫೋಟೋ.

ಹಾಗಾದರೆ ಹೆಂಗಸರ ಕಾಗದ ಯಾವುದೂ ಇಲ್ಲವಾ? ಇವೆ. ಎಲ್ಲಿವೆ ಅಂದರೆ ಸರ್ಕಾರಿ ಕಡತಗಳಲ್ಲಿ. ಯಾರೋ ದೂರು ಕೊಟ್ಟಿದ್ದಕ್ಕೆ, ಯಾವುದೋ ಅಧಿಕಾರಿ ಅದನ್ನು ಲಗತ್ತಿಸಿ ಮೇಲಕ್ಕೆ ಕಳಿಸಿದ್ದಕ್ಕೆ ಉಳಿದವು. ಹಾಗೆ ಉಳಿದದ್ದು ಆನ್ ಬರೆಸಿದ ಕಾಗದ.

ಆನ್ ಮಿಸೌರಿ ರಾಜ್ಯದ ಪ್ಯಾರಿಸ್ ಎಂಬ ಊರಿನ ಗುಲಾಮ ಹೆಂಗಸು. ಗಂಡ ಆಂಡ್ರ್ಯೂ ಉತ್ತರದ ಸೈನ್ಯದ ಕಪ್ಪು ಪಲ್ಟನ್ ಸೇರಿದ್ದ. ಇಲ್ಲಿ ಒಂದು ಮಾತು ಹೇಳಬೇಕು, ನಿಮ್ಮ ಲೇಖನದಲ್ಲಿ ಅದೂ ಬಂದಿರಲಿಲ್ಲ. 1863ರ ಜನವರಿ 1ರ ಲಿಂಕನ್ ಘೋಷಣೆ ಎಲ್ಲ ಗುಲಾಮರನ್ನೂ ಬಿಡಿಸಲಿಲ್ಲ. ದಂಗೆ ಎದ್ದ ರಾಜ್ಯಗಳಿಗೆ ಮಾತ್ರ ಅದು. ಮಿಸೌರಿ, ಕೆಂಟಕಿ ಒಕ್ಕೂಟದಲ್ಲೇ ಉಳಿದ ರಾಜ್ಯಗಳು, ಅಲ್ಲಿ ಗುಲಾಮಗಿರಿ ಹಾಗೇ ಮುಂದುವರಿಯಿತು. ಗಂಡ ಸೈನ್ಯ ಸೇರಿದರೆ ಅವನು ಸ್ವತಂತ್ರ, ಹೆಂಡತಿ ಮಕ್ಕಳು ಅದೇ ಯಜಮಾನನ ಮನೆಯಲ್ಲಿ ಅದೇ ಯಜಮಾನನ ಸೊತ್ತು. ಗಂಡ ಹೋದ ಸಿಟ್ಟನ್ನು ಯಜಮಾನ ಯಾರ ಮೇಲೆ ತೀರಿಸಿಕೊಳ್ಳುತ್ತಾನೆ?

1864ರ ಜನವರಿ 19ರಂದು ಆನ್ ಒಬ್ಬರ ಕೈಯಲ್ಲಿ ಬರೆಸುತ್ತಾಳೆ. ಅವಳ ಮಾತನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲಿ ಹೇಳುತ್ತೇನೆ. ನಿಮ್ಮ ಎರಡು ಕಾಗದ ಬಂದಿವೆ, ಬರೆದುಕೊಡುವವರು ಯಾರೂ ಸಿಗದೆ ತಡವಾಯಿತು. ನನ್ನನ್ನು ಎಷ್ಟು ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆ ನಿಮಗೆ ಗೊತ್ತಿಲ್ಲ, ದಿನದಿಂದ ದಿನಕ್ಕೆ ಜಾಸ್ತಿ. ನಮ್ಮ ಮಗು ನಿಮಗಾಗಿ ಅಳುತ್ತದೆ. ಆದಷ್ಟು ಬೇಗ ಸ್ವಲ್ಪ ಹಣ ಕಳಿಸಿ, ನನಗೂ ಮಗುವಿಗೂ ಮೈಮೇಲೆ ಬಟ್ಟೆ ಇಲ್ಲದಂತಾಗಿದೆ. ನನ್ನ ಬಟ್ಟೆ ಇನ್ನೂ ಮಗ್ಗದಲ್ಲೇ ಇದೆ. ಯಜಮಾನನ ವಿಳಾಸಕ್ಕೆ ಕಾಗದ ಕಳಿಸಬೇಡಿ, ಹಣ ಇದ್ದರೆ ಅವನೇ ಇಟ್ಟುಕೊಳ್ಳುತ್ತಾನೆ. ನಿಮ್ಮ ಕೈಲಾದದ್ದು ಮಾಡಿ, ನನ್ನ ಬಗ್ಗೆ ಜಾಸ್ತಿ ಕೊರಗಬೇಡಿ, ಇನ್ನು ಹೆಚ್ಚು ದಿನ ಇಲ್ಲ, ನನಗೂ ಬಿಡುಗಡೆ ಆಗುತ್ತದೆ, ಆಮೇಲೆ ನಾವು ದುಡಿದದ್ದೆಲ್ಲ ನಮ್ಮದೇ. ಕೆಳಗೆ ಇನ್ನೊಂದು ಸಾಲು: ಮುಂದಿನ ಕಾಗದದಲ್ಲಿ ನಮ್ಮ ಪುಟ್ಟ ಹುಡುಗಿಗೆ ಒಂದು ಮಣಿಸರ ಕಳಿಸಿ, ನಿಮ್ಮನ್ನು ನೆನಪಿಟ್ಟುಕೊಳ್ಳುವುದಕ್ಕೆ.

ಅದರ ಕೆಳಗೆ ಬರೆದುಕೊಟ್ಟವರ ಮಾತು ಬೇರೆ. ತುಂಬಾ ಸಲ ಬರೆಯಬೇಡ, ತಿಂಗಳಿಗೊಂದು ಸಾಕು. ಬರೆಯುವಾಗ ಇವಳ ಕಾಗದ ನಿನಗೆ ತಲುಪಿದೆ ಅನ್ನುವ ಹಾಗೆ ಬರೆಯಬೇಡ, ಹಾಗೆ ಬರೆದರೆ ನಿನ್ನದು ಇವಳ ಕೈ ಸೇರುವುದು ಕಷ್ಟ. ಇವಳು ನಮ್ಮ ಮನೆಗೆ ಬರಬಾರದು ಅಂತ ಯಜಮಾನ ಅಪ್ಪಣೆ ಮಾಡಿದ್ದಾನೆ, ಗುಟ್ಟಾಗಿ ಓದಿ ಹೇಳಲು ಆಗುತ್ತಿಲ್ಲ.

ಸ್ವಲ್ಪ ಯೋಚಿಸಿ. ಗಂಡನಿಗೆ ಕಾಗದ ಬರೆಯುವುದು ಕದ್ದು ಮಾಡುವ ಕೆಲಸ. ಗಂಡ ಉತ್ತರ ಬರೆಯುವಾಗ ನಿನ್ನ ಕಾಗದ ಬಂತು ಅನ್ನುವ ಒಂದು ಸಾಲು ಬರೆಯುವ ಹಾಗಿಲ್ಲ. ಆ ಡೇರೆಯಲ್ಲಿ ಕೂತ ಆಂಡ್ರ್ಯೂಗೆ ಇದ್ದ ಮನೆ ನೆನಪು ಎಂಥದ್ದು? ಬಿಳಿಯ ಸಿಪಾಯಿಗೆ ಮನೆ ಅಂದರೆ ಹಸು, ಹೊಲ, ಬಾಗಿಲಲ್ಲಿ ನಿಂತ ಹೆಂಡತಿ. ಇವನಿಗೆ ಮನೆ ಅಂದರೆ ಹೆಂಡತಿಗೆ ಇವತ್ತು ಹೊಡೆದರಾ ಅನ್ನುವ ಪ್ರಶ್ನೆ. ಅದೇ ಮಿಸೌರಿಯ ಮಾರ್ಥಾ ಎಂಬವಳು 1863ರ ಡಿಸೆಂಬರ್ 30ರಂದು ಗಂಡನಿಗೆ ಬರೆಸಿದ್ದು ಇನ್ನೂ ನೇರ. ಮೊನ್ನೆ ನನ್ನನ್ನು ಬಡಿದರು, ಇಂಥ ಸ್ಥಿತಿಯಲ್ಲಿ ನನ್ನನ್ನು ಬಿಟ್ಟು ನೀವು ಹೋಗಬಾರದಿತ್ತು, ಮದುವೆಯಾದ ಗಂಡಸರನ್ನು ಸೈನ್ಯಕ್ಕೆ ಹೋಗಿ ಅಂತ ನಾನಿನ್ನು ಯಾರಿಗೂ ಹೇಳುವುದಿಲ್ಲ ಅಂತ. ಸಿಟ್ಟೂ ಪ್ರೀತಿಯೇ. ಅದೇ ಕಾಗದದ ಕೊನೆಯಲ್ಲಿ, ಬರೆಯಿರಿ, ನನ್ನನ್ನೂ ಮಕ್ಕಳನ್ನೂ ಮರೆಯಬೇಡಿ ಎಂದಿದ್ದಾಳೆ.

ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ ಆದದ್ದು ಇದಕ್ಕಿಂತ ಘೋರ. ಅಲ್ಲಿ ಸೇರಿದ ಕಪ್ಪು ಸೈನಿಕರ ಹಿಂದೆಯೇ ಹೆಂಡತಿ ಮಕ್ಕಳು ಓಡಿಬಂದು ಶಿಬಿರದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. 1864ರ ನವೆಂಬರ್ ಕೊನೆ, ಕೊರೆಯುವ ಚಳಿ. ಸುಮಾರು 400 ಹೆಂಗಸರು ಮಕ್ಕಳನ್ನು ಬಂಡಿಗೆ ತುಂಬಿ ಹೊರಗೆ ಅಟ್ಟಿದರು, ಗುಡಿಸಲಿಗೆ ಬೆಂಕಿ ಇಟ್ಟರು. ಅಟ್ಟಿದ್ದು ಶತ್ರುವಲ್ಲ, ಅವರ ಗಂಡಂದಿರು ಯಾವ ಸೈನ್ಯದ ಸಮವಸ್ತ್ರ ತೊಟ್ಟಿದ್ದರೋ ಅದೇ ಸೈನ್ಯ. 102 ಜನ ಸತ್ತರು. ಜೋಸೆಫ್ ಮಿಲ್ಲರ್ ಎಂಬ ಸೈನಿಕ ಪ್ರಮಾಣ ಮಾಡಿ ಹೇಳಿಕೆ ಬರೆಸಿದ. ನನ್ನ ಮಗನಿಗೆ ಕಾಯಿಲೆ, ಈ ಚಳಿಗೆ ಸಾಯುತ್ತಾನೆ ಅಂತ ಬೇಡಿಕೊಂಡೆ, ಕೇಳಲಿಲ್ಲ. ರಾತ್ರಿ ಹುಡುಕಿಕೊಂಡು ಹೋದೆ, ಮಗ ಸತ್ತಿದ್ದ. ಮರುದಿನ ನಡೆದು ಹೋಗಿ ನಾನೇ ಗುಂಡಿ ತೋಡಿ ಮಣ್ಣು ಮಾಡಿ ಬಂದೆ. ಈ ಹೇಳಿಕೆ ಪತ್ರಿಕೆಗಳಿಗೆ ಹೋಯಿತು, ಕೂಗೆದ್ದಿತು. 1865ರ ಮಾರ್ಚ್ 3ರಂದು ಕಪ್ಪು ಸೈನಿಕರ ಹೆಂಡತಿ ಮಕ್ಕಳು ಸ್ವತಂತ್ರರು ಎಂಬ ಕಾನೂನು ಬಂತು. ಮಿಸೌರಿ ಅಷ್ಟರಲ್ಲಿ ತಾನೇ ಜನವರಿ 11ರಂದು ಗುಲಾಮಗಿರಿ ತೆಗೆದುಹಾಕಿತ್ತು. ಇನ್ನು ಹೆಚ್ಚು ದಿನ ಇಲ್ಲ ಎಂದು ಆನ್ ಹೇಳಿದ್ದು ಸರಿಯಾಗಿತ್ತು. ಒಂದು ವರ್ಷಕ್ಕೆ ಎಂಟು ದಿನ ಕಡಿಮೆ.

ದಕ್ಷಿಣದ ಸೈನಿಕನ ಬಗ್ಗೆಯೂ ಹೇಳದೆ ಇದ್ದರೆ ತಪ್ಪಾಗುತ್ತದೆ. ಓಡಿಹೋದವರು ಅಲ್ಲೂ 1 ಲಕ್ಷಕ್ಕೆ ಮೇಲೆ ಎಂಬ ಅಂದಾಜಿದೆ, ಉತ್ತರದಲ್ಲಿ 2 ಲಕ್ಷದ ಹತ್ತಿರ. ಮನೆಯಲ್ಲಿ ಹೊಟ್ಟೆಗಿಲ್ಲ ಅಂತ ಹೆಂಡತಿಯರು ಬರೆಯುತ್ತಿದ್ದರು. 1863ರ ಏಪ್ರಿಲ್ 2ರಂದು ದಕ್ಷಿಣದ ರಾಜಧಾನಿ ರಿಚ್ಮಂಡ್‌ನಲ್ಲೇ ಹೆಂಗಸರು ರೊಟ್ಟಿ ಬೇಕು ಅಂತ ಬೀದಿಗಿಳಿದು ಅಂಗಡಿ ಒಡೆದರು. ಆದರೆ ಅಲ್ಲಿನ ಪತ್ರಿಕೆಗಳು ಹೆಂಗಸರಿಗೆ ಕೊಟ್ಟ ಬುದ್ಧಿವಾದ ಏನು ಗೊತ್ತಾ? ಗಂಡನಿಗೆ ಅಳುವ ಕಾಗದ ಬರೆಯಬೇಡಿ, ನಗುನಗುತ್ತಾ ಬರೆಯಿರಿ. ಹಸಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು. ಆ ಹೆಂಗಸರು ಗವರ್ನರಿಗೆ ಬರೆದ ಅರ್ಜಿಗಳು ಉಳಿದಿವೆ. ನಾರ್ತ್ ಕ್ಯಾರೊಲೈನಾದ ಗವರ್ನರ್ ವ್ಯಾನ್ಸ್‌ಗೆ ಬಂದ ಕಾಗದಗಳಲ್ಲಿ ಅದೇ ಮಾತು, ಪೈರು ಕೊಯ್ಯುವ ಮಟ್ಟಿಗಾದರೂ ನನ್ನ ಗಂಡನನ್ನು ಕಳಿಸಿಕೊಡಿ. ಹಾಗೆ ಓಡಿಹೋದ ಎಷ್ಟೋ ಜನ ಕೊಯ್ಲು ಮುಗಿಸಿ ತಾವಾಗಿಯೇ ವಾಪಸ್ ಬಂದಿದ್ದಾರೆ. ಲಿಂಕನ್‌ಗೆ ಇದು ಅರ್ಥವಾಗಿತ್ತು. 1863ರ ಮಾರ್ಚ್ 10ರಂದು ಅವರು, ಉತ್ತರದ ಸೈನ್ಯದಿಂದ ಓಡಿಹೋಗಿ ಏಪ್ರಿಲ್ 1ರೊಳಗೆ ಮರಳಿ ಬಂದವರಿಗೆ ಶಿಕ್ಷೆ ಇಲ್ಲ, ಇಲ್ಲದಿದ್ದ ದಿನಗಳ ಸಂಬಳ ಮಾತ್ರ ಕಡಿತ ಎಂದು ಘೋಷಣೆ ಹೊರಡಿಸಿದರು.

ನನಗೆ ಆ ದಕ್ಷಿಣದ ಸಿಪಾಯಿಯ ಮೇಲೆ ಮರುಕವಿದೆ. ಆದರೆ ಒಂದು ಮಾತು ಬಿಡಲಾರೆ. ಅವನು ಯಾವ ವ್ಯವಸ್ಥೆ ಉಳಿಸಲು ಬಂದೂಕು ಹಿಡಿದನೋ ಆ ವ್ಯವಸ್ಥೆ ಗಂಡನನ್ನು ಒಂದು ಕಡೆಗೆ, ಹೆಂಡತಿಯನ್ನು ಇನ್ನೊಂದು ಕಡೆಗೆ ಹರಾಜು ಹಾಕಿ ಮಾರುತ್ತಿತ್ತು. ಹಾಗೆ ಮಾರಿಹೋದ ಗುಲಾಮರಿಗೆ ರಜೆ ಇರಲಿಲ್ಲ. 10 ಸೆಂಟಿನ ಅಂಚೆಯೂ ಇರಲಿಲ್ಲ.

ಟೆನ್ನೆಸ್ಸಿಯ ಮರ್ಫ್ರೀಸ್‌ಬರೊ ಹತ್ತಿರ 1862ರ ಡಿಸೆಂಬರ್ 30ರ ರಾತ್ರಿ ಎರಡೂ ಸೈನ್ಯ ಎದುರುಬದುರು ಮಲಗಿದ್ದವು. ಒಂದು ಕಡೆಯ ಬ್ಯಾಂಡಿನವರು ಮನೆಯ ಬಗೆಗಿನ ಒಂದು ಹಳೆಯ ಹಾಡು ನುಡಿಸಿದರು. ಎದುರಿನ ಬ್ಯಾಂಡೂ ಅದನ್ನೇ ಎತ್ತಿಕೊಂಡಿತು. ಕತ್ತಲಲ್ಲಿ ಸಾವಿರಾರು ಜನ ಎರಡೂ ಕಡೆಯಿಂದ ಒಟ್ಟಿಗೆ ಹಾಡಿದರು. ಬೆಳಗಾಗುತ್ತಲೇ ಕಾಳಗ ಶುರು.

ಯುದ್ಧ ಮುಗಿಯಿತು. ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್ ಪಿಂಚಣಿ. ಆದರೆ ನೀನು ಅವನ ಹೆಂಡತಿ ಅನ್ನುವುದಕ್ಕೆ ಸಾಕ್ಷಿ ಏನು? ಮನೆಯಲ್ಲಿ ಬೇರೇನೂ ಇಲ್ಲದವರು ಅವನ ಕಾಗದಗಳನ್ನೇ ಕಚೇರಿಗೆ ಕೊಟ್ಟರು. 'ನನ್ನ ಪ್ರೀತಿಯ ಹೆಂಡತಿಗೆ' ಅನ್ನುವ ಆ ಮೊದಲ ಸಾಲೇ ದಾಖಲೆ. ಕಾಗದ ಕಡತ ಸೇರಿತು, ವಾಪಸ್ ಬರಲಿಲ್ಲ. ಅವಳ ಹತ್ತಿರ ಇದ್ದದ್ದೂ ಹೋಯಿತು. ಕ್ಲಾರಾ ಬಾರ್ಟನ್ ಎಂಬ ಮಹಾತಾಯಿ ವಾಷಿಂಗ್ಟನ್‌ನಲ್ಲಿ ಕಚೇರಿ ತೆರೆದು ಕಾಣೆಯಾದವರನ್ನು ಹುಡುಕಿಕೊಟ್ಟರು, 1868ರ ತನಕ 63 ಸಾವಿರ ಕಾಗದ ಬಂದವು, 22 ಸಾವಿರ ಜನ ಏನಾದರು ಅನ್ನುವುದು ಪತ್ತೆಯಾಯಿತು. ಬಿಡುಗಡೆಯಾದ ಗುಲಾಮರು ಪತ್ರಿಕೆಗಳಿಗೆ ಹೋದರು. ಫಿಲಡೆಲ್ಫಿಯಾದ ಕ್ರಿಶ್ಚಿಯನ್ ರೆಕಾರ್ಡರ್ ಪತ್ರಿಕೆಯಲ್ಲಿ ಅವರ ಜಾಹೀರಾತುಗಳು ವರ್ಷಗಟ್ಟಲೆ ಬಂದವು. ನನ್ನ ಹೆಂಡತಿ ಇಂಥವಳು, ಇಂಥ ಊರಿನಲ್ಲಿ ಇಂಥವನು ಅವಳನ್ನು ಮಾರಿದ, ಗೊತ್ತಿದ್ದವರು ತಿಳಿಸಿ ಅಂತ. ಚರ್ಚುಗಳಲ್ಲಿ ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಏಕೆಂದರೆ ಹುಡುಕುತ್ತಿದ್ದವರಿಗೂ ಓದು ಬಾರದು, ಕಾಯುತ್ತಿದ್ದವರಿಗೂ ಬಾರದು.

ಸಂಪಾದಕರೇ, ನನ್ನ ಕೋರಿಕೆ ಎರಡು. ನಿಮ್ಮ ವೆಬ್‌ಸೈಟಿನಲ್ಲಿ ಆ ಲೇಖನ ಇನ್ನೂ ಇದೆ, ಅದರಿಂದ 'ಹೇಡಿಗಳು' ಎಂಬ ಪದ ತೆಗೆಸಿ. ಇನ್ನು, ಈ ಸರಣಿ ಮುಂದಿನ ವಾರವೂ ಇದೆ ಎಂದು ಹಾಕಿದ್ದೀರಿ. ಗೆಟಿಸ್‌ಬರ್ಗಿನ ನಕ್ಷೆ ಖಂಡಿತ ಹಾಕಿ, ಅದರ ಪಕ್ಕದಲ್ಲಿ ಅರ್ಧ ಕಾಲಂ ಜಾಗದಲ್ಲಿ ಆನ್ ಬರೆಸಿದ ಕಾಗದವನ್ನೂ ಪೂರ್ತಿ ಹಾಕಿ. ಇಲ್ಲಿ ನಾನು ಹೇಳಿರುವುದು ಸ್ವಲ್ಪ ಭಾಗ. ಪೂರ್ತಿ ಅನುವಾದ ಮಾಡಿಟ್ಟಿದ್ದೇನೆ, ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಮಣಿಸರದ ಸಾಲು ಹಾಳೆಯ ಹಿಂಬದಿಯಲ್ಲಿದೆ, ಅಚ್ಚು ಹಾಕುವಾಗ ಬಿಟ್ಟುಹೋಗದಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ, ನಿವೃತ್ತ ಶಿಕ್ಷಕಿ